ಸಿಹಿನೀರಿನ ಸಿಗಡಿಗೂ ಉಪ್ಪು ಬೇಕು

ಬಲೆಗೆ, ದೋಣಿಗೆ ಸಾಲ ಕೇಳಿ ಬರುವವರ ಅರ್ಜಿಯಲ್ಲಿ ‘ಅಂದಾಜು ವಾರ್ಷಿಕ ಆದಾಯ’ ಎಂಬ ಕಾಲಂ ಒಂದಿರುತ್ತಿತ್ತು. ಗಂಗೊಳ್ಳಿಯಲ್ಲಿ ಹುಟ್ಟಿ, ಬ್ಯಾಂಕ್ ವರ್ಗಾವಣೆಯ ದೆಸೆಯಿಂದ ಕೇರಳದ ಚೇರ್ತಲ ಕಡೆಗೆ ಹೋಗಿ ಬಿದ್ದ ನನಗೆ ಆ ಕಾಲಂ ತುಂಬುವುದೇ ದೊಡ್ಡ ತಲೆನೋವು. ಭತ್ತ ಬೆಳೆಯುವವರ ಲೆಕ್ಕ ಸಲೀಸು: ಇಷ್ಟು ಎಕರೆ, ಇಷ್ಟು ಇಳುವರಿ, ಇಷ್ಟು ಬೆಂಬಲ ಬೆಲೆ. ವೇಂಬನಾಡು ಕಾಯಲಿನಲ್ಲಿ, ಅಂದರೆ ಹಿನ್ನೀರಿನ ಸರೋವರದಲ್ಲಿ, ಬಲೆ ಬೀಸುವವರನ್ನು ಕೇಳಿದರೆ, “ಕಾಯಲು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ ಸಾರೇ” ಎನ್ನುವರು. ಅಲ್ಲಿ ಬ್ಯಾಂಕಿನವಳೂ ‘ಸಾರ್’ ಎಂದೇ ಕರೆಸಿಕೊಳ್ಳುತ್ತಾಳೆ, ಮೊದಮೊದಲು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡುತ್ತಿದ್ದೆ.

ಕಾಯಲು ಎಷ್ಟು ಕೊಡುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದಾಗ ನನಗೆ ಪರಿಚಯವಾದದ್ದು ಆಟ್ಟುಕೊಂಜು. ನಮ್ಮ ಕುಂದಾಪುರದ ಕಡೆ ಅಡುಗೆಗೆ ಬರುವ ಚಟ್ಲಿ, ಅಂದರೆ ಸಿಗಡಿ, ಬಹುಮಟ್ಟಿಗೆ ಸಮುದ್ರದ್ದು, ಅಳಿವೆಯದ್ದು. ಇದು ಹೊಳೆಯ, ಸರೋವರದ ಸಿಗಡಿ. ವಿಜ್ಞಾನಿಗಳು ಮ್ಯಾಕ್ರೊಬ್ರಾಕಿಯಂ ರೋಸೆನ್‌ಬರ್ಗಿ ಎನ್ನುತ್ತಾರೆ. ಸಿಹಿನೀರಿನ ಸಿಗಡಿಗಳಲ್ಲೇ ದೈತ್ಯ. ಗಂಡು 30 ಸೆಂಟಿಮೀಟರ್ ದಾಟುತ್ತದೆ, ಹೆಣ್ಣು 25ರವರೆಗೆ. ಗಂಡಿನ ಎರಡನೆಯ ಜೋಡಿ ಕಾಲುಗಳು ಕೊಂಡಿಯಾಗಿ, ಕೆಲವುಗಳಲ್ಲಿ ಮೈಗಿಂತಲೂ ಉದ್ದವಾಗಿ ಬೆಳೆದು, ಕಡು ನೀಲಿಗೆ ತಿರುಗಿರುತ್ತವೆ. ಬ್ಯಾಂಕಿನ ಎದುರಿನ ಓಣಿಯಲ್ಲಿ ಮೀನು ಮಾರುತ್ತಿದ್ದ ಚೇಚ್ಚಿಯೊಬ್ಬರು ಬುಟ್ಟಿಯಲ್ಲಿದ್ದ ನೀಲಿ ಕೊಂಡಿಯದನ್ನು ಎತ್ತಿ ಹಿಡಿದು, “ಇದು ಮರಿ ಮೋಳೇ, ದೊಡ್ಡದನ್ನು ನೀನು ಕಂಡಿಲ್ಲ. ನಾನು ಮದುವೆಯಾಗಿ ಬಂದಾಗ ಎರಡು ಕೊಂಜು ಹಾಕಿದರೆ ಮನೆಮಂದಿಗೆಲ್ಲ ಸಾರು” ಎಂದಿದ್ದರು. ಹಳಬರು ಹಳೆಯದನ್ನು ಹಿಗ್ಗಿಸಿ ಹೇಳುತ್ತಾರೆ, ನಿಜ. ಆದರೆ ಕಾಗದದ ಲೆಕ್ಕವೂ ಅವರ ಕಡೆಗೇ ಇತ್ತು. 1960ರ ದಶಕದಲ್ಲಿ ವೇಂಬನಾಡಿನಿಂದ ವರ್ಷಕ್ಕೆ 400 ಟನ್ನಿಗೂ ಮೇಲೆ ಈ ಸಿಗಡಿ ಸಿಗುತ್ತಿತ್ತೆಂದು ಅಂದಾಜು. 1980ರ ದಶಕದ ಕೊನೆಯ ಹೊತ್ತಿಗೆ ಅದು 40 ಟನ್ನಿನ ಆಸುಪಾಸಿಗೆ ಇಳಿದಿತ್ತು.

ಇಷ್ಟು ಇಳಿಕೆ ಕಂಡಾಗ ಯಾರಿಗಾದರೂ ಮೊದಲು ಬಾಯಿಗೆ ಬರುವ ಮಾತು, ‘ಹಿಡಿದು ಹಿಡಿದು ಖಾಲಿ ಮಾಡಿದರು’. ಬ್ಯಾಂಕಿನವಳಾದ ನನಗೂ ಆ ತರ್ಕ ಹಿತವೆನಿಸುತ್ತಿತ್ತು. ಸರೋವರದಲ್ಲಿರುವ ಸಿಗಡಿ ಅಸಲು, ವರ್ಷ ವರ್ಷ ಹುಟ್ಟಿ ಬೆಳೆಯುವುದು ಬಡ್ಡಿ. ಬಡ್ಡಿ ತಿಂದರೆ ಅಸಲು ಉಳಿಯುತ್ತದೆ, ಅಸಲಿಗೆ ಕೈ ಹಾಕಿದರೆ ಖಾತೆ ಮುಗಿಯಿತು. ಮೀನುಗಾರಿಕೆಯ ವಿಜ್ಞಾನವೂ ಬಹುಪಾಲು ಇದನ್ನೇ ಹೇಳುತ್ತದೆ. ಆದರೆ ವೇಂಬನಾಡಿನಲ್ಲಿ ಜಮೆ ಮಾಡುವ ಕಿಟಕಿಯೇ ಮುಚ್ಚಿತ್ತು. ಅದು ಅರ್ಥವಾಗಬೇಕಾದರೆ ಈ ಪ್ರಾಣಿಯ ವಿಚಿತ್ರ ಬಾಳುವೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಸಿಹಿನೀರಿನ ಸಿಗಡಿ ಎಂದು ಹೆಸರಾದರೂ ಇದು ಸಿಹಿನೀರಿನಲ್ಲಿ ಹುಟ್ಟಿ ಬದುಕಲಾರದು. 1960ರ ದಶಕದ ಆರಂಭದವರೆಗೆ ಇದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಮಲೇಷ್ಯಾದ ಪೆನಾಂಗಿನಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ತಜ್ಞ ಶಾವೊ-ವೆನ್ ಲಿಂಗ್ ಇವನ್ನು ಸಾಕಲು ಹೆಣಗುತ್ತಿದ್ದರು. ಮೊಟ್ಟೆಯೊಡೆದು ಮರಿ ಬರುವುದು, ನಾಲ್ಕೈದು ದಿನಕ್ಕೆ ಸಾಯುವುದು. ಬೇಸತ್ತ ಅವರು ಅಡುಗೆಮನೆಯಲ್ಲಿದ್ದ ಒಂದೊಂದನ್ನೇ ಮರಿಗಳ ಜಾಡಿಗೆ ಹಾಕಿ ನೋಡಿದರಂತೆ. ಸೋಯಾ ಸಾಸ್ ಬಿದ್ದ ಜಾಡಿಯ ಮರಿಗಳು ಉಳಿದುಕೊಂಡವು, ಕಾರಣ ಅದರಲ್ಲಿದ್ದ ಉಪ್ಪು. ಕತೆಗೆ ಒಗ್ಗರಣೆ ಎಷ್ಟು ಬಿದ್ದಿದೆಯೋ ಗೊತ್ತಿಲ್ಲ, ಕಂಡುಹಿಡಿದದ್ದು ಮಾತ್ರ ಅಪ್ಪಟ ಸತ್ಯ. ಲೀಟರ್ ನೀರಿಗೆ ಸುಮಾರು 12 ಗ್ರಾಂ ಉಪ್ಪು, ಅಂದರೆ ಕಡಲ ನೀರಿನ ಮೂರರಲ್ಲೊಂದು ಪಾಲು ಉಪ್ಪಿರುವ ನೀರು ಈ ಮರಿಗಳಿಗೆ ಹೇಳಿಮಾಡಿಸಿದ್ದು. ಇಂದು ಏಷ್ಯಾದ ತುಂಬ ನಡೆಯುವ ಈ ಸಿಗಡಿಯ ಸಾಕಣೆ ನಿಂತಿರುವುದು ಆ ಒಂದು ತಿಳಿವಳಿಕೆಯ ಮೇಲೆ.

ಹಾಗಾಗಿ ಹೆಣ್ಣು ಸಿಗಡಿ ತವರಿಗೆ ಹೋಗಿ ಹೆರುತ್ತದೆ. ಕುಟ್ಟನಾಡಿನ ಪಂಪಾ, ಮಣಿಮಲ, ಅಚ್ಚನ್‌ಕೋವಿಲ್, ಮೀನಚ್ಚಿಲ್ ನದಿಗಳಲ್ಲಿ, ಅವು ಸೇರುವ ಕಾಯಲಿನ ತೆಂಕಣ ಭಾಗದಲ್ಲಿ ಬೆಳೆದು, ಗಂಡಿನೊಂದಿಗೆ ಕೂಡಿ, ಹೊಟ್ಟೆಯಡಿಯ ಈಜುಗಾಲುಗಳ ನಡುವೆ ಮೊಟ್ಟೆಯ ಗೊಂಚಲು ಅಂಟಿಸಿಕೊಂಡು ಕೆಳಕ್ಕೆ ಹೊರಡುತ್ತದೆ. ಮೊಟ್ಟೆ ಮೊದಲು ಕಿತ್ತಳೆ ಬಣ್ಣ, ಒಡೆಯುವ ಹೊತ್ತಿಗೆ ಬೂದುಗಪ್ಪು. ನಡುವೆ ಮೂರು ವಾರ. ಮಳೆಗಾಲದ ಕೊನೆಯಿಂದ, ಅಂದಾಜು ಆಗಸ್ಟ್‌ನಿಂದ ನವೆಂಬರ್‌ವರೆಗೆ, ಈ ಬಸುರಿಯರ ದಂಡು ಬಡಗಣಕ್ಕೆ, ಕೊಚ್ಚಿಯ ಅಳಿವೆ ಬಾಯಿಯ ಕಡೆಗೆ ಇಳಿಯುತ್ತದೆ. ಅಲ್ಲಿನ ಸಪ್ಪೆ-ಉಪ್ಪು ಬೆರೆತ ನೀರಿನಲ್ಲಿ ಮೊಟ್ಟೆ ಒಡೆದು, ತಲೆ ಕೆಳಗಾಗಿ, ಬಾಲ ಮುಂದಾಗಿ ಈಜುವ ಸೂಜಿಮೊನೆಯಷ್ಟು ಮರಿಗಳು ಹೊರಬರುತ್ತವೆ. ಹನ್ನೊಂದು ಹಂತ ದಾಟಿ ನಾಲ್ಕೈದು ವಾರದಲ್ಲಿ ಸಿಗಡಿಯ ರೂಪ ತಳೆದ ಮೇಲೆ ಅವು ಪ್ರವಾಹಕ್ಕೆ ಎದುರಾಗಿ, ಅಂಚಿನ ಕೆಸರು-ಕಳೆಗಳನ್ನು ಹಿಡಿದುಕೊಂಡು, ತಾಯಂದಿರು ಬಂದ ದಾರಿಯಲ್ಲೇ ಹಿಂದಿರುಗುತ್ತವೆ.

ಆ ದಾರಿಗೆ ಅಡ್ಡ ನಿಂತಿರುವುದು ತಣ್ಣೀರ್‌ಮುಕ್ಕಂ ಬಂಡ್.

ಕುಟ್ಟನಾಡಿನ ಗದ್ದೆಗಳು ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿವೆ. ಕಾಯಲಿಗೆ ಒಡ್ಡು ಹಾಕಿ, ನೀರೆತ್ತಿ, ಮಣ್ಣು ಮೆತ್ತಿ ಮನುಷ್ಯರು ಮಾಡಿಕೊಂಡ ನೆಲ ಅದು. ಬೇಸಿಗೆಯಲ್ಲಿ ನದಿಗಳು ಸೊರಗಿದಾಗ ಭರತದ ನೀರು ಉಪ್ಪು ಹೊತ್ತು ಮೇಲೇರುತ್ತದೆ, ಭತ್ತ ಸುಟ್ಟುಹೋಗುತ್ತದೆ. ಅದನ್ನು ತಡೆಯಲು ತಣ್ಣೀರ್‌ಮುಕ್ಕಂನಿಂದ ಆಚೆ ದಡದ ವೆಚ್ಚೂರಿನವರೆಗೆ, ಕಾಯಲಿನ ಸಪೂರ ನಡುವಿಗೆ ಒಡ್ಡು ಕಟ್ಟಿದರು. 1970ರ ದಶಕದ ಮಧ್ಯದಲ್ಲಿ ಅದು ಬಳಕೆಗೆ ಬಂತು. ಎರಡು ಬದಿಗೆ ಶಟರ್, ನಡುವಿನ ಭಾಗ ದಶಕಗಳ ಕಾಲ ಬರೀ ಮಣ್ಣಿನ ಕಟ್ಟೆ. ಕಳೆದ ದಶಕದಲ್ಲಷ್ಟೇ ಆ ನಡುವಿಗೂ ಶಟರ್ ಬಂದು ಈಗ ಒಟ್ಟು 90 ಆಗಿವೆ. ಮೂಲ ಯೋಜನೆಯಂತೆ ಡಿಸೆಂಬರ್ 15ರ ಹೊತ್ತಿಗೆ ಶಟರ್ ಇಳಿಸಿ ಮಾರ್ಚ್ 15ರ ಹೊತ್ತಿಗೆ ಏರಿಸಬೇಕು. ನಡೆಯುವುದು ಬೇರೆ. ನೆರೆ ಬಂದು ಬಿತ್ತನೆ ತಡವಾದರೆ ಕೊಯ್ಲೂ ತಡ, ಕೊಯ್ಲು ಮುಗಿಯದೆ ಶಟರ್ ಏಳುವುದಿಲ್ಲ. ಏಪ್ರಿಲ್ ದಾಟಿದ ವರ್ಷಗಳೂ ಉಂಟು.

ಈಗ ಸಿಗಡಿಯ ಪಂಚಾಂಗವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ತಾಯಂದಿರು ನವೆಂಬರ್‌ವರೆಗೆ ಇಳಿದು ಹೋದರು. ಮರಿಗಳು ಕಾಲು ಬಲಿತು ಮೇಲೆ ಹೊರಡುವುದು ಡಿಸೆಂಬರ್, ಜನವರಿಯಲ್ಲಿ. ಸರಿಯಾಗಿ ಅದೇ ಹೊತ್ತಿಗೆ ಕದ ಬಿದ್ದಿರುತ್ತದೆ. ತಡವಾಗಿ ಹೊರಟ ಬಸುರಿಯರು ಕದದ ಈಚೆಗೆ, ಮೇಲೆ ಹೊರಟ ಮರಿಗಳು ಆಚೆಗೆ.

ಮರಿಗಳಿಗೇನು, ಲಕ್ಷಗಟ್ಟಲೆ ಇರುತ್ತವಲ್ಲ ಎಂದು ಕೇಳಬಹುದು. ಚೆನ್ನಾಗಿ ಬೆಳೆದ ಹೆಣ್ಣು ಒಂದು ಸೂಲಿಗೆ 80 ಸಾವಿರದಿಂದ 1 ಲಕ್ಷದವರೆಗೆ ಮೊಟ್ಟೆ ಹೊರುತ್ತದೆ. ಆದರೆ ಸಂಖ್ಯೆಯ ಆಟ ಇರುವುದೇ ಇಲ್ಲಿ. ಒಂದು ತಾಯಿ ಜೀವಮಾನದಲ್ಲಿ ಒಂದೇ ಲಕ್ಷ ಮೊಟ್ಟೆ ಇಟ್ಟಿತೆನ್ನಿ. ಅದರಲ್ಲಿ ಎರಡು, ಒಂದು ಹೆಣ್ಣು ಒಂದು ಗಂಡು, ಬೆಳೆದು ಸಂತಾನ ಪಡೆದರೆ ಸರೋವರದ ಸಿಗಡಿ ಇದ್ದಷ್ಟೇ ಇರುತ್ತದೆ. ಉಳಿದ 99,998 ಮೀನಿಗೋ ಹಕ್ಕಿಗೋ ಆಹಾರ. ಅದಕ್ಕೆ ಯಾರೂ ಅಳಬೇಕಿಲ್ಲ. ಎರಡರ ಬದಲು ಒಂದೇ ಉಳಿದರೆ? ಮುಂದಿನ ತಲೆಮಾರು ಅರ್ಧ, ಅದರ ಮುಂದಿನದು ಕಾಲು, ಮೂರನೆಯದಕ್ಕೆ ಎಂಟರಲ್ಲೊಂದು. ಲಕ್ಷದಲ್ಲಿ ಒಂದೇ ಒಂದು ಹೆಚ್ಚು ಸತ್ತದ್ದು ಯಾವ ಬಲೆಯ ಲೆಕ್ಕಕ್ಕೂ ಸಿಗದು. ಬಂಡಿನಿಂದಾದ ನಷ್ಟ ಈ ಬಗೆಯದು: ಸತ್ತ ಸಿಗಡಿ ರಾಶಿಯಾಗಿ ತೇಲಿ ಬಂದದ್ದನ್ನು ಯಾರೂ ಕಾಣಲಿಲ್ಲ, ಬರಬೇಕಾದವು ಬರಲಿಲ್ಲ ಅಷ್ಟೆ.

ಇನ್ನು ಹಿಡಿಯುವವರ ಪಾಲು. ಅದು ಇಲ್ಲವೆಂದು ನಾನು ಹೇಳುತ್ತಿಲ್ಲ. ಯಾವುದೇ ಮೀನುಗಾರಿಕೆಯಲ್ಲಿ ಎರಡು ಬಗೆಯ ಅತಿರೇಕವಿದೆ: ಬೆಳೆಯುವ ಮುಂಚೆ ಹಿಡಿಯುವುದು, ಹೆರುವ ಮುಂಚೆ ಹಿಡಿಯುವುದು. ಸಣ್ಣ ಕಣ್ಣಿನ ಬಲೆ ಮೊದಲನೆಯದನ್ನು ಮಾಡುತ್ತದೆ. ಅದರಿಂದ ತೂಕ ನಷ್ಟ, ವಂಶ ತಕ್ಷಣಕ್ಕೇನೂ ಅಳಿಯದು. ಎರಡನೆಯದು ಬೇರು ಕೀಳುವ ಕೆಲಸ. ವೇಂಬನಾಡಿನಲ್ಲಿ ಬಸುರಿಯರು ದಂಡುಗಟ್ಟಿ ಇಳಿಯುವ ತಿಂಗಳುಗಳೇ ಕೊಂಜಿನ ಸುಗ್ಗಿ. ಬೇರೆ ತಿಂಗಳಲ್ಲಿ ಅಲ್ಲೊಂದು ಇಲ್ಲೊಂದು ಸಿಗುವುದು ಆಗ ಒಂದೇ ದಾರಿಯಲ್ಲಿ ಸಾಲುಗಟ್ಟಿ ಬರುವಾಗ ಯಾವ ಬಲೆಗಾರ ಬಿಟ್ಟಾನು? ಸಾಲದ ಕಂತು ಕಟ್ಟಲು ಅವನು ನನ್ನ ಮುಂದೆ ನಿಲ್ಲುತ್ತಿದ್ದದ್ದೂ ಆ ತಿಂಗಳುಗಳಲ್ಲೇ. ಇದರ ಮೇಲೆ ಸಾಕಣೆಯ ಹ್ಯಾಚರಿಗಳಿಗೂ ಮೊಟ್ಟೆ ಹೊತ್ತ ಹೆಣ್ಣೇ ಬೇಕು. ಕಾಯಲಿನಿಂದ ಜೀವಂತ ಹಿಡಿದು ಕೊಟ್ಟರೆ ಒಳ್ಳೆಯ ಬೆಲೆ.

ಗಂಡುಗಳ ಕತೆ ಇದಕ್ಕೆ ತದ್ವಿರುದ್ಧ, ನನಗೆ ಬಹಳ ಇಷ್ಟವಾದದ್ದೂ ಅದೇ. ಒಂದೇ ದಿನ ಹುಟ್ಟಿದ ಗಂಡುಗಳೆಲ್ಲ ಒಂದೇ ಗಾತ್ರಕ್ಕೆ ಬೆಳೆಯುವುದಿಲ್ಲ. 1980ರ ದಶಕದಲ್ಲಿ ಇಸ್ರೇಲಿನ ಸಂಶೋಧಕರು ಇದನ್ನು ಬಿಡಿಸಿ ಹೇಳಿದರು: ಕುಳ್ಳ ಗಂಡು, ಕಿತ್ತಳೆ ಕೊಂಡಿಯ ಗಂಡು, ನೀಲಿ ಕೊಂಡಿಯ ಗಂಡು ಎಂದು ಮೂರು ಬಗೆ. ನೀಲಿ ಕೊಂಡಿಯದು ಯಜಮಾನ. ತನ್ನ ಜಾಗ ಕಾಯುತ್ತದೆ, ಚಿಪ್ಪು ಕಳಚಿ ಮೈ ಮೆತ್ತಗಾದ ಹೆಣ್ಣಿಗೆ ಕಾವಲಿರುತ್ತದೆ, ಆದರೆ ತಾನು ಬೆಳೆಯುವುದನ್ನು ಬಹುಮಟ್ಟಿಗೆ ನಿಲ್ಲಿಸಿರುತ್ತದೆ. ಕಿತ್ತಳೆ ಕೊಂಡಿಯದು ಸಂತಾನದ ಗೊಡವೆಗೆ ಅಷ್ಟಾಗಿ ಹೋಗದೆ ತಿಂದು ಬೆಳೆಯುತ್ತದೆ. ಅಲ್ಲಿನ ಅತಿ ದೊಡ್ಡ ನೀಲಿಯನ್ನು ಗಾತ್ರದಲ್ಲಿ ಮೀರಿದ ಮೇಲೆಯೇ ಬಣ್ಣ ಬದಲಿಸಿ ತಾನೂ ಯಜಮಾನನಾಗುತ್ತದೆ. ಕುಳ್ಳನದು ಕಳ್ಳ ದಾರಿ. ಯಜಮಾನ ಅತ್ತ ತಿರುಗಿದಾಗ ನುಸುಳಿ ಹೆಣ್ಣನ್ನು ಕೂಡಿ ಓಡುತ್ತದೆ. ದೊಡ್ಡವನ್ನು ಬಲೆ ಎತ್ತಿಕೊಂಡು ಹೋದರೆ ಇಷ್ಟು ದಿನ ಅಡಗಿದ್ದ ಸಣ್ಣವು ಬೆಳೆಯಲು ಶುರು ಮಾಡುತ್ತವೆ. ಅಂದರೆ ದೊಡ್ಡ ಗಂಡುಗಳನ್ನು ಹಿಡಿದದ್ದಕ್ಕೆ ಸರೋವರವೇ ಅಷ್ಟಿಷ್ಟು ಪರಿಹಾರ ಮಾಡಿಕೊಳ್ಳುತ್ತದೆ. ಮೊಟ್ಟೆ ಹೊತ್ತ ಹೆಣ್ಣಿಗೆ ಅಂಥ ಬದಲಿ ಇಲ್ಲ.

ಎಣಿಸುವವರಿಗೂ ಇದೇ ಗಂಡುಗಳು ಕಾಟ ಕೊಡುತ್ತವೆ. ಮೀನಿನ ವಯಸ್ಸನ್ನು ಅದರ ಕಿವಿಯ ಕಲ್ಲಿನಲ್ಲಿ, ಹುರುಪೆಯಲ್ಲಿ ಮೂಡುವ ಬಳೆಗಳಿಂದ ಹೇಳಬಹುದು. ಸಿಗಡಿ ಚಿಪ್ಪನ್ನೇ ಕಳಚಿ ಬಿಸಾಡುವ ಜೀವಿ, ಹಳೆಯ ಗುರುತು ಎಲ್ಲಿ ಉಳಿಯಬೇಕು? ಆದ್ದರಿಂದ ಸಂಶೋಧಕರು ತಿಂಗಳು ತಿಂಗಳೂ ನೂರಾರು ಸಿಗಡಿಗಳ ಉದ್ದ ಅಳೆದು ನಕ್ಷೆಗೆ ಏರಿಸುತ್ತಾರೆ. ಒಂದೇ ಕಾಲಕ್ಕೆ ಹುಟ್ಟಿದವು ನಕ್ಷೆಯಲ್ಲಿ ಒಂದು ದಿಬ್ಬವಾಗಿ ಕಾಣುತ್ತವೆ. ತಿಂಗಳು ಕಳೆದಂತೆ ದಿಬ್ಬ ಬಲಕ್ಕೆ ಸರಿಯುತ್ತದೆ. ಎಷ್ಟು ಬೇಗ ಸರಿಯಿತು ಎಂಬುದು ಬೆಳವಣಿಗೆಯ ವೇಗ, ಎಷ್ಟು ಬೇಗ ತಗ್ಗಾಯಿತು ಎಂಬುದು ಸಾವಿನ ವೇಗ. ಒಟ್ಟು ಸಾವಿನಿಂದ ಸಹಜ ಸಾವನ್ನು ಕಳೆದರೆ ಉಳಿಯುವುದು ಬಲೆಯ ಪಾಲು. ಬ್ರಿಟಿಷ್ ವಿಜ್ಞಾನಿ ಜಾನ್ ಗಲ್ಲಂಡ್ 1971ರಲ್ಲಿ ಒಂದು ಸರಳ ಗೆರೆ ಎಳೆದರು: ಒಟ್ಟು ಸಾವಿನಲ್ಲಿ ಬಲೆಯ ಪಾಲು ಅರ್ಧ ದಾಟಿದರೆ ಅತಿಯಾಯಿತು. ಪ್ರಪಂಚದ ನೂರಾರು ಕೆರೆ, ಕಡಲುಗಳ ವರದಿಗಳಲ್ಲಿ ಇಂದಿಗೂ ಆ 0.5 ಎಂಬ ಅಂಕಿ ಕಾಣುತ್ತದೆ.

ಆದರೆ ಉದ್ದವೇ ವಯಸ್ಸು ಎಂದು ನಂಬುವ ಈ ವಿಧಾನಕ್ಕೆ ಒಂದೇ ವಯಸ್ಸಿನ ಕುಳ್ಳನೂ ನೀಲಿ ಕೊಂಡಿಯವನೂ ಎದುರಾದರೆ ಏನು ಗತಿ? ಅದಕ್ಕೇ ಈ ಸಿಗಡಿಯನ್ನು ಎಣಿಸುವವರು ಗಂಡು, ಹೆಣ್ಣು ಬೇರೆ ಮಾಡಿ, ಗಂಡುಗಳಲ್ಲಿ ಕೊಂಡಿಯ ಬಣ್ಣವನ್ನೂ ಬರೆದುಕೊಳ್ಳಬೇಕಾಗುತ್ತದೆ. ವೇಂಬನಾಡಿನಲ್ಲಿ ಈ ಕೆಲಸವನ್ನು ದಶಕಗಳ ಕಾಲ ಮಾಡಿದವರಲ್ಲಿ ಮುಖ್ಯರು ಪ್ರೊ. ಬಿ. ಮಧುಸೂದನ ಕುರುಪ್ ಮತ್ತು ಅವರ ಸಂಗಡಿಗರು; ಕುರುಪ್ ಮುಂದೆ ಕೇರಳದ ಮೀನುಗಾರಿಕೆ ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದರು. ಇನ್ನೊಂದು ಮಾತು: ಅರ್ಧದ ಗೆರೆ ವರ್ಷಕ್ಕಿಷ್ಟು ಮರಿ ತಪ್ಪದೆ ಬರುತ್ತವೆ ಎಂದು ಒಪ್ಪಿಕೊಂಡು ಹಾಕಿದ ಲೆಕ್ಕ. ಮರಿ ಬರುವ ದಾರಿಯೇ ಕಟ್ಟಿಹೋದ ಕಡೆ ಬಲೆಗಾರ ಗೆರೆಯ ಒಳಗೇ ಇದ್ದರೂ ಸರೋವರ ಬರಿದಾಗಬಹುದು. ವರದಿಯ ಕೊನೆಗೆ ‘ಮೀನುಗಾರಿಕೆ ಮಿತಿಯಲ್ಲಿದೆ’ ಎಂದು ಬರೆದರೆ ಸಾಲದು, ‘ಮೀನುಗಾರಿಕೆ ಮಿತಿ ಮೀರಿದೆ’ ಎಂದು ಬರೆದರೂ ಸಾಲದು.

ನಮ್ಮ ಶಾಖೆಯಲ್ಲಿ ಎರಡು ಸಾಲದ ಖಾತೆಗಳು ಅಕ್ಕಪಕ್ಕದ ಕಪಾಟಿನಲ್ಲಿದ್ದವು, ಬೆಳೆ ಸಾಲ ಒಂದರಲ್ಲಿ, ಬಲೆ-ದೋಣಿ ಸಾಲ ಇನ್ನೊಂದರಲ್ಲಿ. ಶಟರ್ ಎರಡು ವಾರ ಹೆಚ್ಚು ಮುಚ್ಚಿದ್ದರೆ ಒಂದು ಕಪಾಟಿನ ಸಾಲ ಮರುಪಾವತಿ ಆಗುತ್ತಿತ್ತು, ಎರಡು ವಾರ ಮೊದಲೇ ತೆರೆದರೆ ಮತ್ತೊಂದರದ್ದು. ಎರಡೂ ಕಡೆಯವರು ಒಂದೇ ಬೆಂಚಿನಲ್ಲಿ ಕೂತು ನನಗಾಗಿ ಕಾಯುತ್ತಿದ್ದ ದಿನಗಳುಂಟು, ಒಬ್ಬರಿಗೊಬ್ಬರು ಮುಖ ಕೊಡದೆ. ಬಂಡಿನ ಬಡಗಣಕ್ಕಿರುವ ಕರಿ ಚಿಪ್ಪು ಹೆಕ್ಕುವ ಹೆಂಗಸರದು ಮೂರನೆಯ ದೂರು. ಆ ಚಿಪ್ಪಿನ ಹುಳಕ್ಕೂ ಸಂತಾನಕ್ಕೆ ಉಪ್ಪು ಬೇಕು. ಬಂಡಿನ ತೆಂಕಣ ಬದಿಯಲ್ಲಿ ಅದು ತೀರ ಕಡಿಮೆಯಾಗಿ ಎಲ್ಲರೂ ಇವರ ಪಾತಿಗೇ ಬರುತ್ತಾರೆ ಎಂದು ಅವರ ಅಳಲು. ಸಾಲ ಕೊಡುವ ಮೇಲಧಿಕಾರಿಗಳಿಗೆ ಇದೆಲ್ಲ ಬರೆದು ಕಳಿಸಿದಾಗ ಬಂದ ಉತ್ತರ, ಕಾಲಂ ಖಾಲಿ ಬಿಡಬಾರದು ಎಂಬುದು.

ಭತ್ತ ಬೇಡ, ಸಿಗಡಿ ಬೇಕು ಎನ್ನುವಷ್ಟು ಸರಳ ನ್ಯಾಯ ಇದಲ್ಲ. ಆದರೆ ಎರಡೂ ಕೂಡವು ಎನ್ನುವುದೂ ಸುಳ್ಳು. ಅದೇ ವೇಂಬನಾಡಿನ ಬಡಗಣ ಅಂಚಿನಲ್ಲಿ, ಎರ್ನಾಕುಳಂ ಸುತ್ತಮುತ್ತ, ಪೊಕ್ಕಾಳಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದಾಗ ಭತ್ತ, ಕೊಯ್ಲಾದ ಮೇಲೆ ತೂಬು ತೆರೆದು ಭರತದ ನೀರಿನೊಂದಿಗೆ ಬರುವ ಕಡಲ ಸಿಗಡಿ. ನಮ್ಮ ಅಘನಾಶಿನಿ ದಡದ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಬೆಳೆದವರದೂ ಇದೇ ಪದ್ಧತಿ. ಕುಟ್ಟನಾಡಿನ ತಗ್ಗು ಗದ್ದೆಗಳಿಗೆ ಅದನ್ನು ಹಾಗೇ ಎತ್ತಿ ತಂದು ಹಾಕಲು ಬಾರದು, ಒಪ್ಪುತ್ತೇನೆ. ಆದರೆ ಅಲ್ಲಿನ ಎಲ್ಲ ಪಾಡಶೇಖರಗಳೂ, ಅಂದರೆ ಗದ್ದೆಗಳ ಗುಂಪುಗಳೂ, ಒಟ್ಟಿಗೆ ಬಿತ್ತಿ ಒಟ್ಟಿಗೆ ಕೊಯ್ದರೆ ಶಟರ್ ಹೇಳಿದ ದಿನ ಏಳಬಹುದು, ಅಷ್ಟೇ ಸಿಕ್ಕರೂ ಸಿಗಡಿಗೆ ಒಂದಿಷ್ಟು ಅನುಕೂಲವಾದೀತು. 2007ರಲ್ಲಿ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನ ಕೊಟ್ಟ ಕುಟ್ಟನಾಡು ವರದಿಯೂ ಬಂಡಿನ ನವೀಕರಣಕ್ಕೆ ಒತ್ತು ಕೊಟ್ಟಿತ್ತು. ಶಟರ್‌ಗಳು ಹೊಸದಾದವು, ಕ್ಯಾಲೆಂಡರಿನ ಜಗಳ ಹಳೆಯದೇ.

ಸರ್ಕಾರ ನೆಚ್ಚಿಕೊಂಡಿರುವ ಇನ್ನೊಂದು ದಾರಿ, ಹ್ಯಾಚರಿಯ ಮರಿ ತಂದು ಕಾಯಲಿಗೆ ಬಿಡುವುದು. ಫೋಟೊಕ್ಕೆ ಚೆನ್ನ. ಅದರಿಂದ ಕೆಲವು ವರ್ಷ ಹಿಡಿತವೂ ಸುಧಾರಿಸಬಹುದು. ಆದರೆ ಅವು ಬೆಳೆದು ಬಸುರಾಗಿ ಇಳಿದು ಹೋದಮೇಲೆ ಅವುಗಳ ಮರಿಗೂ ಅದೇ ಕದ. ವರ್ಷ ವರ್ಷ ಬಿಡುತ್ತಲೇ ಇರಬೇಕು. ಇದಕ್ಕಿಂತ ನನಗೆ ಗಟ್ಟಿಯಾಗಿ ಕಂಡದ್ದು ಬೆಂಗಳೂರಿನ ಏಟ್ರಿ ಸಂಸ್ಥೆ ಆಲಪ್ಪುಳದಲ್ಲಿ ನಡೆಸುವ ಕೇಂದ್ರದ ಕೆಲಸ. 2008ರಿಂದ ಅವರು ಮೀನುಗಾರರನ್ನೂ ವಿದ್ಯಾರ್ಥಿಗಳನ್ನೂ ಸೇರಿಸಿ ಕಾಯಲಿನ ಮೀನೆಣಿಕೆ ಮಾಡಿಸುತ್ತ ಬಂದಿದ್ದಾರೆ. ಬಲೆಗಾರರೇ ಸೇರಿ ಬಿದಿರು, ಮರದ ಕೊಂಬೆ ನೆಟ್ಟು, ಇಲ್ಲಿ ಯಾರೂ ಹಿಡಿಯಬಾರದು ಎಂದು ಮತ್ಸ್ಯಧಾಮಗಳನ್ನು ಮಾಡಿಕೊಂಡಿದ್ದಾರೆ. ತಾವೇ ಎಣಿಸಿದವರು ಅಂಕಿಯನ್ನು ತಳ್ಳಿಹಾಕುವುದಿಲ್ಲ.

ನಿವೃತ್ತಳಾಗಿ ಊರಿಗೆ ಬಂದ ಮೇಲೆ ನೋಡುತ್ತೇನೆ, ಕರಾವಳಿಯ ಹೊಳೆಗಳಿಗೆಲ್ಲ ಕಿಂಡಿ ಅಣೆಕಟ್ಟು ಏಳುತ್ತಿವೆ. ಉಪ್ಪುನೀರು ಮೇಲೇರದಂತೆ, ಬಾವಿ ಬತ್ತದಂತೆ ಅವು ಬೇಕು. ನಮ್ಮ ಮನೆಯ ಬಾವಿಗೇ ಅದರಿಂದ ಉಪಕಾರವಾಗಿದೆ. ಮಳೆ ನಿಂತ ಮೇಲೆ ಹಲಗೆ ಹಾಕುತ್ತಾರೆ, ಮುಂಗಾರಿಗೆ ಮುಂಚೆ ತೆಗೆಯುತ್ತಾರೆ. ಹಲಗೆ ಹಾಕುವ ದಿನವನ್ನು ಭತ್ತದವರನ್ನೂ ತೋಟದವರನ್ನೂ ಕೇಳಿ ಗೊತ್ತು ಮಾಡುವುದುಂಟು, ಬಲೆಯವರನ್ನು ಕೇಳಿದ್ದನ್ನು ನಾನು ಕಂಡಿಲ್ಲ. ನಿಮ್ಮ ಊರಿನ ಗ್ರಾಮಸಭೆಯಲ್ಲಿ ಕಿಂಡಿ ಅಣೆಕಟ್ಟಿನ ಮಾತು ಬಂದಾಗ, ಮರಿ ಹತ್ತುವ ವಾರಗಳಲ್ಲಿ ಒಂದೆರಡು ಕಿಂಡಿಯನ್ನಾದರೂ ಭರತದ ಹೊತ್ತಿಗೆ ತೆರೆದಿಡಬಹುದೇ ಎಂದು ಕೇಳಿ. ಮಳೆಗಾಲದ ಕೊನೆಯಲ್ಲಿ ಮಾರುಕಟ್ಟೆಗೆ ಹೋದಾಗ ಹೊಳೆ ಸಿಗಡಿ ಕಂಡರೆ ಒಮ್ಮೆ ತಿರುಗಿಸಿ ನೋಡಿ. ಹೊಟ್ಟೆಯಡಿ ಕಿತ್ತಳೆಯೋ ಬೂದಿಯೋ ಬಣ್ಣದ ಮೊಟ್ಟೆ ಇದ್ದರೆ, ದಯವಿಟ್ಟು ಅದನ್ನು ಕೊಳ್ಳಬೇಡಿ, ಯಾಕೆ ಕೊಳ್ಳುತ್ತಿಲ್ಲ ಎಂದು ಮಾರುವವರಿಗೆ ಹೇಳಿಯೇ ಬನ್ನಿ.